ಕರಿಬೆರಳಿನ ಮುತ್ಯಾ

ನಿವೃತ್ತಿಯಾದ ಮಾಸ್ತರನಿಗೆ ನಮ್ಮ ಕಡೆ ಎರಡು ದಾರಿಗಳಿವೆ. ಸಂಜೆಯ ಪ್ರವಚನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ನಿದ್ದೆ ಮಾಡುವುದು ಒಂದು. ಮನೆತನದ ಇತಿಹಾಸ ಬರೆಯುತ್ತೇನೆಂದು ಕೈಚೀಲ ಹಿಡಿದು ಹೊರಡುವುದು ಇನ್ನೊಂದು. ಮೊದಲನೆಯದರಿಂದ ಯಾರಿಗೂ ಉಪದ್ರವವಿಲ್ಲ, ಗೊರಕೆ ಒಂದನ್ನು ಬಿಟ್ಟರೆ. ನಾನು ಎರಡನೆಯದನ್ನು ಆರಿಸಿಕೊಂಡೆ. ಕುಂದಗೋಳದ ಶಾಲೆಯಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವನು ನಾನು. ಕಣ್ಣಿಗೆ ಕಾಣದ್ದನ್ನು ನಂಬಬೇಡಿರೆಂದು ಮಕ್ಕಳಿಗೆ ಹೇಳುತ್ತ ಬಂದವನು ಈಗ ಕಂಡಿರದ ಅಜ್ಜನ ಅಜ್ಜನನ್ನು ಹುಡುಕುತ್ತ ಬಸ್ಸು ಹತ್ತಿದ್ದನ್ನು ನೋಡಿ ನನ್ನ ಹೆಂಡತಿ, ಹೋಗುವ ಮೊದಲು ಗ್ಯಾಸಿನವನಿಗೆ ಫೋನು ಮಾಡಿ ಹೋಗಿರೆಂದಷ್ಟೇ ಹೇಳಿದಳು.

ನಮ್ಮದು ಕಲಘಟಗಿಯ ತೊಟ್ಟಿಲಿನ ಮನೆತನ. ಅರಗಿನ ಬಣ್ಣ ಕಾಸಿ, ತೊಟ್ಟಿಲಿನ ಪಟ್ಟಿಗಳ ಮೇಲೆ ದೇವರು, ಗಿಳಿ, ಹೂಬಳ್ಳಿ ಬರೆಯುವ ಕೆಲಸ. ತಲೆತಲಾಂತರದಿಂದ ಎಲ್ಲರೂ ಇದನ್ನೇ ಮಾಡಿದರು. ಒಬ್ಬ ಮಾತ್ರ ಕುಂಚ ಕೆಳಗಿಟ್ಟು ಕ್ಯಾಮೆರಾ ಹೊತ್ತುಕೊಂಡ. ಅವನೇ ನನ್ನ ಅಜ್ಜನ ಅಜ್ಜ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಫೋಟೋದ ಕಲ್ಲಪ್ಪ. ಬ್ರಿಟಿಷರ ಕಾಲದಲ್ಲಿ, ಊರಿಗೆ ಇನ್ನೂ ಸೈಕಲ್ಲು ಬಂದಿರದಾಗ, ಇವನ ಕೈಗೆ ಆ ಪೆಟ್ಟಿಗೆ ಹೇಗೆ ಬಂತೆಂಬುದಕ್ಕೆ ಮನೆಯಲ್ಲಿ ಬಾಯಿಗೊಂದು ಕಥೆಯಿದೆ. ನಮ್ಮ ಶಿವಪ್ಪ ಕಾಕಾನ ಪ್ರಕಾರ, ಒಬ್ಬ ಸಾಹೇಬನ ಕೂಸಿಗೆ ತೊಟ್ಟಿಲು ಮಾಡಿಕೊಟ್ಟಿದ್ದಕ್ಕೆ ಸಾಹೇಬ ಖುಷಿಯಾಗಿ ತನ್ನ ಹಳೆಯ ಕ್ಯಾಮೆರಾ ಕೊಟ್ಟನಂತೆ. ಈ ಕಥೆಗೆ ಆಧಾರ ಕಾಕಾ. ಕಾಕಾನಿಗೆ ಯಾವ ಆಧಾರವೂ ಇಲ್ಲ.

ಬೀಗರು ಬಿಜ್ಜರು ಸೇರಿದಲ್ಲೆಲ್ಲ ನಾವು ಜಿಲ್ಲೆಗೇ ಮೊದಲ ಫೋಟೋಗ್ರಾಫರನ ವಂಶದವರೆಂದು ಹೇಳಿಕೊಳ್ಳುವುದು ರೂಢಿ. ಯಾರಾದರೂ ಅವನು ತೆಗೆದ ಫೋಟೋ ತೋರಿಸಿರೆಂದರೆ ಮಾತು ಮಳೆ ಬೆಳೆಯ ಕಡೆ ತಿರುಗುತ್ತದೆ. ಒಂದೂ ಉಳಿದಿಲ್ಲ. ಅವನು ತೀರಿಕೊಂಡ ಮೇಲೆ ಪೆಟ್ಟಿಗೆಗಟ್ಟಲೆ ಗಾಜಿನ ಫಲಕಗಳು ಅಟ್ಟದಲ್ಲಿ ಬಿದ್ದಿದ್ದವಂತೆ. ಮನೆಯ ಸೊಸೆ ಚೊಕ್ಕತನದ ಹೆಣ್ಣುಮಗಳು. ಅಷ್ಟು ಒಳ್ಳೆಯ ಗಾಜು ಹೊಲಸಾಗಿ ಬಿದ್ದದ್ದನ್ನು ನೋಡಲಾರದೆ ಬಿಸಿನೀರಿನಲ್ಲಿ ನೆನೆಸಿ, ಬೂದಿ ಹಚ್ಚಿ ತಿಕ್ಕಿ, ಹೆಂಚಿನ ನಡುವೆ ಬೆಳಕಿಂಡಿಗೆ ಕೂಡಿಸಿದಳು. ಒಂದು ಸೀಮೆಯ ಹಿರಿಯರೆಲ್ಲ ಬಚ್ಚಲ ನೀರಿನೊಂದಿಗೆ ಹರಿದುಹೋದರು. ಅಡುಗೆಮನೆಗೆ ಮಾತ್ರ ಭಾಳ ಚಲೋ ಬೆಳಕು ಬಂತೆಂದು ನಮ್ಮಲ್ಲಿ ಈಗಲೂ ಹೇಳುತ್ತಾರೆ.

ಹೀಗಿದ್ದೂ ನಾನು ಹೊರಟದ್ದಕ್ಕೆ ಕಾರಣ ಕಾಕಾನ ಕಣ್ಣು. ಅವರ ಕಣ್ಣಿನ ನರ ಒಣಗುತ್ತ ಬಂದಿದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇದ್ದಷ್ಟನ್ನು ಕಾಯ್ದುಕೊಳ್ಳಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ಸಂಜೆಯೇ ನನಗೆ ಫೋನು ಬಂತು.

“ಲೇ ಮಾಸ್ತರ, ಕಣ್ಣ ಅದಾವ ಅನ್ನೂದ್ರಾಗ ಒಮ್ಮೆ ಆ ಕಲ್ಲಪ್ಪನ ಮಾರಿ ನೋಡಬೇಕ ನಾ. ಊರ ಮಂದೀ ಮಾರಿ ಹಿಡದಿಟ್ಟಾವ, ತನ್ನ ಮಾರಿ ಒಂದ ಹಿಡದಿಡದ ಹೋಗಿರತಾನೇನ? ಎಲ್ಲೋ ಇರತೈತಿ, ಹುಡುಕು.”

ಫೋಟೋ ಸಿಗುವ ಮೊದಲೇ ಅವರು ಅದಕ್ಕೊಂದು ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಬಿಟ್ಟಿದ್ದರು. ಒಳಗೆ ಕರಿ ಕಾಗದ, ಮೇಲೆ ಗಾಜು. ಬಂದವರು ಕನ್ನಡಿಯೆಂದು ತಿಳಿದು ಅದರ ಮುಂದೆ ನಿಂತು ಕ್ರಾಪು ತಿದ್ದಿಕೊಳ್ಳುತ್ತಿದ್ದರು.

ನಮ್ಮಲ್ಲಿ ವಂಶದ ವಿಷಯಕ್ಕೆ ಹೆಳವರನ್ನು ಕೇಳಬೇಕು. ಮನೆಮನೆಗೆ ಬಂದು ಆಯಾ ಮನೆತನದ ಹಿರಿಯರ ಹೆಸರುಗಳನ್ನು ಹೊಗಳುತ್ತ ಹೇಳುವವರು ಅವರು. ಸುಗ್ಗಿಯ ನಂತರ ಬಂದ ಹೆಳವ ನಮ್ಮ ವಂಶವನ್ನು ಗಂಟಲು ತುಂಬ ಹಾಡಿದ. ಯಾರು ಯಾರ ಬದು ಒತ್ತಿದ, ಯಾವ ಸೊಸೆ ಯಾವ ಬಾವಿಯ ನೀರಿಗೆ ಜಗಳ ತೆಗೆದಳು, ಎಲ್ಲ ಬಂತು. ಕಲ್ಲಪ್ಪನ ಹೆಸರು ಬಂದಲ್ಲಿ ಮಾತ್ರ ಒಂದೇ ಸಾಲು: ‘ಕರಿಬೆರಳಿನ ಕಲ್ಲಪ್ಪ’. ಮುಂದೆ ಹೇಳೆಂದೆ. “ಅವಂಗ ಹೊಲ ಇದ್ದಿದ್ದಿಲ್ರಿ ಸರ. ಹೊಲ ಇಲ್ಲದಾವಂದು ಏನ್ ಹೇಳೂದ್ರಿ?” ಎಂದ. ಹೊಲವಿಲ್ಲದಿದ್ದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ಇತಿಹಾಸವಿಲ್ಲ. ದೊಡ್ಡ ದೊಡ್ಡ ರಾಜರ ಇತಿಹಾಸವನ್ನು ಬರೆದವರೂ ಇದೇ ಲೆಕ್ಕ ಹಿಡಿದಂತಿದೆ. ಕರಿಬೆರಳು ಯಾಕೆಂದು ಕಾಕಾನನ್ನು ಕೇಳಿದರೆ ಅವರು ಮುಖ ಸಣ್ಣದು ಮಾಡಿಕೊಂಡರು. ಅಪಶಕುನದವನೆಂದು ಮಂದಿ ಇಟ್ಟ ಹೆಸರಂತೆ.

ಅದಕ್ಕೆ ಕಾರಣವಿದೆ. ಆಗ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಹೆದರಿಕೆ. ಹೀಗಾಗಿ ಬದುಕಿದ್ದವರು ಯಾರೂ ಅವನ ಮುಂದೆ ಕೂಡುತ್ತಿರಲಿಲ್ಲ. ಆಯುಷ್ಯದ ಚಿಂತೆ ಮುಗಿದವರದ್ದೇ ಫೋಟೋ. ನಮ್ಮ ಕಡೆಯ ಲಿಂಗವಂತ ಮನೆಗಳಲ್ಲಿ ತೀರಿದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಹೂವೇರಿಸಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅಂಥ ವೇಳೆಯಲ್ಲಿ ಕಲ್ಲಪ್ಪನಿಗೆ ಕರೆ ಬರುತ್ತಿತ್ತು. ಆ ಕಾಲದ ಕ್ಯಾಮೆರಾಕ್ಕೆ ಎದುರಿಗೆ ಕುಳಿತವನು ಕಣ್ಣು ಸಹ ಮಿಟುಕಿಸದೆ ಇರಬೇಕಿತ್ತು. ಈ ವಿಷಯದಲ್ಲಿ ಅವನ ಗಿರಾಕಿಗಳು ಒಮ್ಮೆಯೂ ತಕರಾರು ತೆಗೆಯಲಿಲ್ಲ. ಆಮೇಲೆ ಅವನು ತೊಟ್ಟಿಲು ಬರೆದ ಕುಂಚದಿಂದಲೇ ಫೋಟೋದ ಮೇಲೆ ಅವರ ಮುಚ್ಚಿದ ಕಣ್ಣು ತೆರೆಸುತ್ತಿದ್ದನಂತೆ. ಕಲೆಕ್ಟರ ಸಾಹೇಬನ ದರಬಾರು, ಹೊಸ ರೈಲು ಹಳಿ, ಇಂಥವನ್ನೆಲ್ಲ ತೆಗೆದ ಮುತ್ಯಾ ಸಿಕ್ಕಾನೆಂದು ಆಸೆಪಟ್ಟಿದ್ದ ನನಗೆ ಇದು ಅಷ್ಟು ಹಿಡಿಸಲಿಲ್ಲ.

ಮೊದಲ ಸುಳಿವು ಮನೆಯ ಬಾಜುಕ್ಕೇ ಸಿಕ್ಕಿತು. ಕುಂದಗೋಳದಲ್ಲಿ ನನ್ನ ಜೊತೆ ಸಂಸ್ಕೃತ ಕಲಿಸುತ್ತಿದ್ದ ಜೋಶಿ ಮಾಸ್ತರರ ಮನೆಯಲ್ಲಿ ಅವರ ಮುತ್ತಜ್ಜನ ಫೋಟೋ ಇತ್ತು. ವರ್ಷಗಟ್ಟಲೆ ಅದರ ಕೆಳಗೇ ಕುಳಿತು ಅವಲಕ್ಕಿ ತಿಂದಿದ್ದೇನೆ, ತಲೆಯೆತ್ತಿ ನೋಡಿದ್ದಿಲ್ಲ. ಈಗ ನೋಡಿದೆ. ಹಣೆಯಲ್ಲಿ ಅಂಗಾರ ಅಕ್ಷತೆ, ಭುಜದ ಮೇಲೆ ಶಾಲು, ದಪ್ಪ ಮೀಸೆ, ನಗು ತಡೆದುಕೊಂಡಂಥ ತುಟಿ, ಕೆತ್ತನೆಯ ಕುರ್ಚಿ, ತೊಡೆಯ ಮೇಲಿಟ್ಟ ಕೈ. ಬಲಗೈಯ ಬೆರಳ ತುದಿಗಳು ಕಪ್ಪಗಿದ್ದವು. “ಬರದೂ ಬರದೂ ಮಸಿ ಹತ್ತಿದ ಬೆರಳ್ರೀ ಅವು. ಅಂಥಾ ವಿದ್ವಾಂಸರು,” ಎಂದು ಜೋಶಿಯವರು ಕೈ ಮುಗಿದರು. ನಾನೂ ಮುಗಿದೆ. ಮೀಸೆ ಬಿಟ್ಟ ವೈದಿಕರು ಅಪರೂಪವಲ್ಲವೇ ಎಂಬ ಸಂಶಯ ಬಂತಾದರೂ ಅವಲಕ್ಕಿ ರುಚಿಯಾಗಿದ್ದುದರಿಂದ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಅಣ್ಣಿಗೇರಿಯಲ್ಲಿ ಒಂದು ಹಳೆಯ ಫೋಟೋ ಇದೆಯೆಂದು ತಿಳಿದು ಗಂಗವ್ವ ಎಂಬ ಹಿರಿಯ ಹೆಣ್ಣುಮಗಳ ಮನೆಗೆ ಹೋದೆ. ಮಾತು ಚುರುಕು, ನೋಟ ಇನ್ನೂ ಚುರುಕು. ಸೊಸೆಗೆ ಚಾ ಇಡಲು ಹೇಳಿ, ಕೈಕಾಲು ತೊಳೆಯಿಸಿ, ದೇವರ ಜಗಲಿಯ ಮುಂದೆ ನಿಲ್ಲಿಸಿದಳು. ದೇವರ ಸಾಲಿನಲ್ಲೇ ಕಟ್ಟು ಹಾಕಿದ ಫೋಟೋ. ತಲೆಗೆ ರುಮಾಲು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅದೇ ಮೀಸೆ, ಅದೇ ನಗು, ಅದೇ ಕುರ್ಚಿ, ತೊಡೆಯ ಮೇಲೆ ಅದೇ ಕೈ.

“ನಮ್ಮ ಮುತ್ಯಾ,” ಎಂದಳು ಗಂಗವ್ವ. “ಬೆರಳ ನೋಡ್ರಿ ಹೆಂಗ ಕರ್ರಗ ಅದಾವ. ಎರಿಹೊಲದಾಗ ದುಡದ ಕೈಯಿ ಅದು. ತೊಳದ್ರ ಹೋಗೂ ಮಣ್ಣಲ್ಲ ನಮ್ಮ ಅಣ್ಣಿಗೇರಿ ಮಣ್ಣು.”

ಒಂದೇ ಮನುಷ್ಯ ಕುಂದಗೋಳದಲ್ಲಿ ಶಾಸ್ತ್ರ ಬರೆಯುತ್ತ, ಅಣ್ಣಿಗೇರಿಯಲ್ಲಿ ಎರೆಭೂಮಿ ಹರಗುತ್ತ ಇರಲು ಸಾಧ್ಯವಿಲ್ಲವೆಂದು ನನ್ನ ವಿಜ್ಞಾನ ಹೇಳಿತು. ಮುಂದಿನದನ್ನು ಹೇಳಿದ್ದೂ ಅದೇ. ಶಾಲೆಯ ಪ್ರಯೋಗಾಲಯದಲ್ಲಿ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ದ್ರಾವಣ ಮುಟ್ಟಿದ ದಿನ ನನ್ನ ಬೆರಳು ಹೀಗೇ ಕಪ್ಪಾಗುತ್ತಿದ್ದವು. ಯಾವ ಸಾಬೂನಿಗೂ ಬಗ್ಗದೆ ಚರ್ಮ ಸುಲಿಯುವವರೆಗೆ ಉಳಿಯುತ್ತಿದ್ದವು. ಆ ಕೈಯಿಂದ ಊಟಕ್ಕೆ ಕೂತರೆ ಹೆಂಡತಿ ತಾಟನ್ನು ದೂರದಿಂದಲೇ ಸರಿಸುತ್ತಿದ್ದಳು. ಹಳೆಯ ಫೋಟೋಗ್ರಾಫರರಿಗೆ ದಿನವೂ ಅದೇ ದ್ರಾವಣದಲ್ಲಿ ಕೈಯಾಡಿಸುವ ಕೆಲಸ. ಅದು ಮಸಿಯಲ್ಲ, ಮಣ್ಣಲ್ಲ. ಅಪಶಕುನವಂತೂ ಅಲ್ಲವೇ ಅಲ್ಲ. ನನ್ನ ಮುತ್ಯಾ ಕಲ್ಲಪ್ಪ ನನ್ನೆದುರು ವಿಭೂತಿ ಧರಿಸಿ ಇನ್ನೊಬ್ಬರ ಜಗಲಿಯಲ್ಲಿ ಕುಳಿತಿದ್ದ. ನಾನು ಗೋಡೆ ಹಿಡಿದು ಆ ಬೆರಳುಗಳ ಕಡೆ ಬಗ್ಗಿದೆ. ಭಕ್ತಿಯೆಂದು ತಿಳಿದು ಗಂಗವ್ವ ನನ್ನ ಹಣೆಗೂ ವಿಭೂತಿ ಹಚ್ಚಿದಳು.

ಆದದ್ದು ಹೀಗಿರಬೇಕೆಂದು ನನ್ನ ಊಹೆ. ಸುದ್ದಿ ಮುಟ್ಟಿ, ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಕಲ್ಲಪ್ಪ ಹೋಗುವಷ್ಟರಲ್ಲಿ ಕೆಲವು ಮನೆಗಳಲ್ಲಿ ಅಂತ್ಯಕ್ರಿಯೆ ಮುಗಿದಿರುತ್ತಿತ್ತು. ಮನೆಯವರು ಅಳುತ್ತ, ಹ್ಯಾಂಗಾದರೂ ಮಾಡಿ ನಮ್ಮ ಹಿರಿಯನದೊಂದು ಫೋಟೋ ಮಾಡಿಕೊಡೆಂದು ಕೇಳಿರಬೇಕು. ಹೇಗಿದ್ದನೆಂದು ಇವನು ಕೇಳಿದರೆ, ದೊಡ್ಡ ಮೀಸೆ, ತುಂಬಿದ ಮುಖ, ನೋಡಿದರೆ ಕೈ ಮುಗಿಯಬೇಕು ಎಂದಿರಬೇಕು. ಸತ್ತ ಮೇಲೆ ಎಲ್ಲರ ಹಿರಿಯರೂ ಹಾಗೇ ಇರುತ್ತಾರೆ. ಬದುಕಿದವರಲ್ಲಿ ಕ್ಯಾಮೆರಾದ ಮುಂದೆ ಕೂಡಲು ಹೆದರದವನು ಊರಿಗೆಲ್ಲ ಒಬ್ಬನೇ, ಅವನೇ. ತಾನೇ ಕುಳಿತ. ಉಳಿದದ್ದನ್ನು ಕುಂಚ ನೋಡಿಕೊಂಡಿತು. ಒಂದು ಮನೆಗೆ ವಿಭೂತಿ, ಒಂದು ಮನೆಗೆ ಅಕ್ಷತೆ. ಬೆರಳು ತಿದ್ದುವುದನ್ನು ಮರೆತನೋ, ಬೇಕೆಂದೇ ಬಿಟ್ಟನೋ, ಈಗ ಕೇಳುವಂತಿಲ್ಲ.

ಇನ್ನೊಂದು ಮಾತು ನನ್ನನ್ನು ದಿನಗಟ್ಟಲೆ ಕಾಡಿತು. ಅವನು ಕುರ್ಚಿಯಲ್ಲಿ ಕುಳಿತಿದ್ದರೆ ಕ್ಯಾಮೆರಾದ ಮುಚ್ಚಳ ತೆಗೆದು ಫೋಟೋ ಹಿಡಿದವರು ಯಾರು? ಆ ನಗು ತಡೆದುಕೊಂಡ ತುಟಿಯನ್ನು ಜೋಶಿಯವರು ಆತ್ಮಾನಂದವೆನ್ನುತ್ತಾರೆ, ಗಂಗವ್ವ ಆ ವರ್ಷ ಜೋಳ ಚಲೋ ಬಂದಿತ್ತೆನ್ನುತ್ತಾಳೆ. ನನಗೆ ಅದು ಮನೆಯೊಳಗಿನ ನಗುವೆನ್ನಿಸುತ್ತದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದ ಹೆಂಡತಿ ಎದುರಿಗೆ ನಿಂತು, ಅಲುಗಬೇಡಿರೆಂದು ಗಂಡನನ್ನೇ ಗದರಿಸಿದರೆ ಯಾವ ಗಂಡನಿಗೆ ನಗು ಬರಲಿಕ್ಕಿಲ್ಲ? ಹಾಗಾದರೆ ನಮ್ಮ ಮನೆತನದ ಕೈಯಿಂದ ಉಳಿದ ಫೋಟೋ ಅವಳು ತೆಗೆದದ್ದು. ಅವಳ ಹೆಸರು ಹೆಳವನಿಗೂ ಗೊತ್ತಿರಲಿಲ್ಲ. ನಾನು ಬರೆಯುತ್ತಿದ್ದ ವಂಶವೃಕ್ಷದಲ್ಲಿಯೂ ಬರೀ ಗಂಡಸರೇ ನೇತಾಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಗಂಗವ್ವನಲ್ಲಿ ಒಂದು ಮಾತು ಕೇಳಿದ್ದೆ, ಮೊಬೈಲಿನಲ್ಲಿ ಇದರದೊಂದು ಫೋಟೋ ಹಿಡಿದುಕೊಳ್ಳಲೇ ಎಂದು. ಬೇಡವೇ ಬೇಡವೆಂದಳು. ಹಿರಿಯರ ಫೋಟೋದ ಮೇಲೆ ಫೋಟೋ ತೆಗೆದರೆ ಕಳೆ ಹೋಗುತ್ತದಂತೆ. ಕಲ್ಲಪ್ಪ ಜೀವನಪೂರ್ತಿ ಹೋರಾಡಿದ ಆ ಹೆದರಿಕೆ ಅವನದೇ ಫೋಟೋದ ಮುಂದೆ ಕಾವಲು ಕುಳಿತಿತ್ತು. ಹಾಗಾದರೆ ಜೋಶಿಯವರ ಮನೆಯದಾದರೂ ಇದೆಯಲ್ಲ ಎಂದು ಓಡಿದರೆ, ಅವರ ಮಗ ಅದನ್ನು ಹುಬ್ಬಳ್ಳಿಗೆ ಒಯ್ದು ಕಂಪ್ಯೂಟರಿನಲ್ಲಿ ಹೊಸದು ಮಾಡಿಸಿದ್ದ. ಮುಖಕ್ಕೆ ಗುಲಾಬಿ ಬಣ್ಣ, ಕಣ್ಣಿಗೆ ನೀಲಿ ಹೊಳಪು, ಹಿಂದೆ ಹಿಮದ ಬೆಟ್ಟ. ಮೀಸೆ ಮಾಯ. ಬೆರಳುಗಳು ಈಗಷ್ಟೇ ಹಾಲಿನಲ್ಲಿ ತೊಳೆದಂತೆ ಬೆಳ್ಳಗಿದ್ದವು. ಮೂಲ ಪ್ರತಿ ಹಳೆಯದಾಗಿತ್ತೆಂದು ಅಂಗಡಿಯಲ್ಲೇ ಬಿಟ್ಟು ಬಂದಿದ್ದನಂತೆ. ಅಂಗಡಿಯವ ಕಸಕ್ಕೆ ಹಾಕಿದ್ದ.

ಕಾಕಾನಿಗೆ ಹೇಳದೆ ಇರಲಾಗಲಿಲ್ಲ. ಕೇಳಿದವರೇ ಎದ್ದು ಕುಳಿತರು.

“ನಮ್ಮ ಹಿರ್ಯಾ ಮಂದೀ ಜಗಲೀ ಮ್ಯಾಲೆ ಯಾಕ ಕುಂಡರಬೇಕಲೇ? ಗಾಡಿ ತರಸು. ನಾ ಹೇಳತೇನಿ ಆಕೀಗೆ, ಇವ ನಮ್ಮಾವ ಅಂತ. ಕರಕೊಂಡ ಬರೂಣು.”

ಆ ವೇಳೆಗೆ ಅವರಿಗೆ ಬಾಗಿಲು ಕಿಟಕಿ ಗುರುತಾಗುತ್ತಿದ್ದವು, ಮುಖ ಹತ್ತಿರ ಬಂದರಷ್ಟೇ ತಿಳಿಯುತ್ತಿತ್ತು. ಇನ್ನು ತಡ ಮಾಡುವಂತಿರಲಿಲ್ಲ. ಅಮಾಸಿಯ ದಿನ ಗಂಗವ್ವನ ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆಂದು ತಿಳಿದು, ಅಂದೇ ಕಾರಿನಲ್ಲಿ ಅವರನ್ನು ಕರೆದುಕೊಂಡು ಹೊರಟೆ. ಹುಬ್ಬಳ್ಳಿ ದಾಟುವವರೆಗೂ ಕಾಕಾ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದರು. ಇವರ ಮಾತು ಖರೆ, ನನ್ನ ಪುರಾವೆ ಗಟ್ಟಿ. ಆದರೆ ಜಗಲಿಯ ಮೇಲಿದ್ದವನನ್ನು ಇಳಿಸಲು ಪುರಾವೆಯೊಂದೇ ಸಾಕೆ?

ಗಂಗವ್ವ ಕಾಕಾನ ಕೈ ಹಿಡಿದು ಒಳಗೆ ಕರೆದೊಯ್ದಳು. ಹೋಳಿಗೆ, ಅನ್ನ, ಕಟ್ಟಿನ ಸಾರು ಫೋಟೋದ ಮುಂದೆ ಎಡೆಯಾಗಿದ್ದವು. ಯಾರ ಕಡೆಯವರೆಂದು ಅವಳು ಕೇಳಲಿಲ್ಲ. ಬಂದವರನ್ನು ಕೂಡಿಸಿ ತನ್ನ ಮಾತು ತೆಗೆದಳು.

“ಅಣ್ಣತಮ್ಮರು ಪಾಲ ಆಗೂ ಮುಂದ ಹೊಲ ಹಂಚಕೊಂಡ್ರು, ಮನಿ ಹಂಚಕೊಂಡ್ರು, ಹಂಡೆ ಕೊಡಾ ಸುದ್ದಾ ಬಿಡಲಿಲ್ಲ. ಗಂಡ ಹೋಗಿ ತವರಿಗೆ ಬಂದಾಕಿ ನಾ, ಬಾಗಲದಾಗ ನಿಂತಿದ್ದೆ. ಈ ಮುತ್ಯಾನ್ನ ಯಾರೂ ಕೇಳಲಿಲ್ಲರಿ. ನನಗ ಇವನ್ನ ಕೊಡ್ರಿ ಅಂದೆ, ನಕ್ಕ ಕೊಟ್ರು. ನಾ ಈ ಮನೀ ಮಗಳು ಅನ್ನಾಕ ನನ್ನ ಕಡೆ ಇರೂದು ಇವ ಒಬ್ಬನ ನೋಡ್ರಿ.” ಆಮೇಲೆ ಕಾಕಾನ ಕಡೆ ತಿರುಗಿದಳು. “ನೀವು ಹಿರ್ಯಾರು, ಹಳೇದೆಲ್ಲಾ ನೋಡಿದವರು. ಹತ್ತರ ಬರ್ರಿ. ಹೆಂಗದಾನ ಹೇಳ್ರಿ ನಮ್ಮ ಮುತ್ಯಾ.”

ಕಾಕಾ ಎದ್ದರು. ನಾನು ತೋಳು ಹಿಡಿದುಕೊಂಡೆ. ಅವರು ಜಗಲಿಯ ಮೇಲೆ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಮುಖ ಒಯ್ದು, ಬಹಳ ಹೊತ್ತು ಹಾಗೇ ನಿಂತರು. ಬಾಯಿಪಾಠ ಮಾಡಿದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ನೆಲ ನೋಡುತ್ತಿದ್ದೆ.

“ಅಗದೀ ನಿನ್ನಂಗ ಅದಾನವಾ,” ಎಂದರು ಕಾಕಾ. “ಅದ ಹಣಿ, ಅದ ಮೂಗು. ನೀ ಇವನ ಮನೀ ಮಗಳು ಅಂತ ಯಾರಿಗೂ ಹೇಳೂದ ಬ್ಯಾಡ.”

ಗಂಗವ್ವ ಸೆರಗಿನ ತುದಿಯಿಂದ ಮೊದಲು ಗಾಜು ಒರೆಸಿದಳು, ಆಮೇಲೆ ಕಣ್ಣು. ನಮಗೆ ಬಡಿಸುವಾಗ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಲೇ ಇದ್ದಳು, ಸಾಕೆಂದರೂ ಕೇಳಲಿಲ್ಲ.

ಊರು ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ. “ಕಾಕಾ, ಚಂದಾಗಿ ಕಂಡಿತಲ್ರಿ?”

“ಏನೂ ಕಾಣಲಿಲ್ಲೋ. ದೀಪ ಒಂದ ಮಿಣಿಮಿಣಿ ಅಂತಿತ್ತು.”

ಇಷ್ಟೆಲ್ಲ ಸುತ್ತಾಡಿದ್ದು ಈ ಒಂದು ನೋಟಕ್ಕಾಗಿ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. “ಮತ್ತ ಹಂಗ ಹೆಂಗ ಹೇಳಿದ್ರಿ, ಆಕೀ ಹಂಗ ಅದಾನ ಅಂತ? ನೋಡದ?”

“ಕಲ್ಲಪ್ಪ ಏನ ಆಕೀ ಮುತ್ಯಾನ್ನ ನೋಡಿದ್ದನೇನೋ?”

ಎರಡೂ ಕಡೆ ಬಿತ್ತಿದ ಕಡಲೆಯ ಹೊಲಗಳು. ಕಾಕಾ ಕಿಟಕಿಯ ಗಾಜು ಇಳಿಸಿಕೊಂಡು ಗಾಳಿಗೆ ಮುಖ ಒಡ್ಡಿ ಕುಳಿತಿದ್ದರು. ನನ್ನ ಕಡೆ ತಿರುಗದೆಯೇ, “ಅದಿರ್ಲಿ. ನೀ ನೋಡೀಯಲ್ಲ. ಹೆಂಗದಾನ ಹೇಳ,” ಎಂದರು.

ಕಂಡದ್ದನ್ನು ಕಂಡಹಾಗೆ ಹೇಳಬೇಕೆಂದು ಮಕ್ಕಳಿಗೆ ಕಲಿಸಿದವನು ನಾನು. ಮೀಸೆ, ರುಮಾಲು, ತುಟಿ, ಬೆರಳು, ಎಲ್ಲ ಬಾಯಿಯವರೆಗೆ ಬಂದಿದ್ದವು.

“ಥೇಟ್ ನಿಮ್ಮಂಗ ಅದಾನ್ರಿ ಕಾಕಾ,” ಎಂದೆ.

“ಸುಳ್ಳ ಹೇಳಬ್ಯಾಡಲೇ,” ಎಂದರು ಕಾಕಾ. ಹಾಗೆನ್ನುತ್ತಲೇ ಅವರ ಕೈ ಮೀಸೆಗೆ ಹೋಗಿ, ಎರಡೂ ತುದಿಗಳನ್ನು ನಿಧಾನವಾಗಿ ತಿರುವಿತು.